ಹೆಣಿಗೆ ಬಿಚ್ಚಿದ ಕುರ್ಚಿಗಳು

ವಕೀಲನ ಕಚೇರಿಯಲ್ಲಿ ಕಾಯಲು ಬಂದವರಿಗೆ ಕೆಲಸ ಹೇಳುವುದು ರೂಢಿ. ಹೇಳುವವನು ಗುಮಾಸ್ತ. ಮಾಡುವವರು ನಮ್ಮಂಥವರು. ಕೋಟು ಹಾಕಿದವರು ಬಂದರೆ ಅವರಿಗೆ ಕುರ್ಚಿ, ಫ್ಯಾನು, ಕುಡಿಯಲು ನೀರು. ನಾವು ಬಂದರೆ ನಮ್ಮ ಕೈಗೆ ಪೊರಕೆ. ಅವರು ಕುಡಿಯುವ ನೀರನ್ನು ಹೊತ್ತು ತಂದವರೂ ನಾವೇ.

ನಾನು ಅಲ್ಲಿಗೆ ಹೋಗುತ್ತಿದ್ದುದು ಒಂದು ಬೀಗದ ಕೈಗಾಗಿ. ಅದು ನನ್ನ ಮನೆಯ ಬೀಗದ ಕೈ.

ಮನೆ ಎಂದರೆ ಒಂದೇ ಕೋಣೆ. ಬೀದಿಗೆ ಬಾಗಿಲು, ಹಿಂದೆ ಒಂದು ಕಿಟಕಿ, ಮೂಲೆಯಲ್ಲಿ ಒಲೆ, ಗೋಡೆಯಲ್ಲಿ ದೇವರ ಗೂಡು. ಕೋಣೆ ನನ್ನ ಅಕ್ಕನ ಹೆಸರಿನಲ್ಲಿತ್ತು. ಅಕ್ಕ ಹುಟ್ಟು ಕುರುಡಿ. ಕುರುಡರ ಶಾಲೆಯಲ್ಲಿ ಬೆತ್ತದ ಕೆಲಸ ಕಲಿತಿದ್ದಳು. ಬೆತ್ತದ ಕುರ್ಚಿಗಳ ಹೆಣಿಗೆ ಹರಿದು ಜೋತುಬಿದ್ದರೆ ಜನ ಅವಳ ಬಳಿಗೆ ತರುತ್ತಿದ್ದರು. ನಾನು ಗಂಡನನ್ನು ಕಳೆದುಕೊಂಡು ಅವಳ ಬಾಗಿಲಿಗೆ ಬಂದವಳು. ಅಂದು ಬಾಗಿಲು ತಟ್ಟಿದಾಗ ಯಾಕೆ ಬಂದೆ ಎಂದು ಅವಳು ಕೇಳಲಿಲ್ಲ. "ಗೋಡೆ ಹಿಡ್ಕೊಂಡು ಬಾರೇ, ನಡುವೆ ಕುರ್ಚಿ ಇದೆ," ಎಂದಳು. ಕಣ್ಣಿದ್ದವಳಿಗೆ ಅವಳು ದಾರಿ ಹೇಳಿದಳು. ಮರುದಿನದಿಂದ ಅವಳ ಪಕ್ಕದಲ್ಲಿ ಕುಳಿತು ನಾನೂ ಹೆಣೆಯತೊಡಗಿದೆ. ನನ್ನ ಕೂದಲು ಆ ಕೋಣೆಯಲ್ಲಿಯೇ ಬೆಳ್ಳಗಾಯಿತು.

ಅಲ್ಲಿ ಯಾವ ವಸ್ತುವೂ ತನ್ನ ಜಾಗ ಬಿಟ್ಟು ಕದಲುವಂತಿರಲಿಲ್ಲ. ಕತ್ತರಿಗೆ ಒಂದು ಮೊಳೆ, ದಬ್ಬಣಕ್ಕೆ ಒಂದು ಡಬ್ಬಿ, ಬೆತ್ತ ನೆನೆಸುವ ಬಕೆಟ್ಟಿಗೆ ಒಂದು ಮೂಲೆ. ಬಕೆಟ್ಟನ್ನು ಒಂದು ಗೇಣು ಸರಿಸಿದರೂ ಅಕ್ಕ ಸಿಡುಕುತ್ತಿದ್ದಳು. "ನಿನಗೆ ಕಣ್ಣಿದೆ ಅಂತ ನನ್ನ ಮನೇನ ಕುರುಡು ಮಾಡ್ಬೇಡ," ಎನ್ನುತ್ತಿದ್ದಳು. ಸಂಜೆ ಕೆಲಸ ಮುಗಿದ ಮೇಲೆ ದೀಪ ಹಚ್ಚಿ ದೇವರ ಪುಸ್ತಕವನ್ನು ಅವಳಿಗೆ ಓದಿ ಹೇಳುತ್ತಿದ್ದೆ. ನಾನು ಓದಲು ಬರೆಯಲು ಬಲ್ಲೆ ಎನ್ನುವುದಾದರೆ ಅದು ಆ ಒಂದು ಪುಸ್ತಕದಿಂದ.

ನಮ್ಮ ಅಣ್ಣನ ಮಗನಿಗೆ ಆ ಕೋಣೆಯ ಮೇಲೆ ಕಣ್ಣಿತ್ತು. "ನಾನು ಹೋದ ಮೇಲೆ ಅವನು ನಿನ್ನ ಪಾತ್ರೆ ಪಡಗ ಬೀದಿಗೆ ಎಸೀತಾನೆ," ಎಂದು ಅಕ್ಕ ಉಯಿಲು ಬರೆಸಲು ಹೊರಟಳು. ಕೋಣೆ ನನಗೆ ಸೇರಬೇಕು. ತಾನು ಸತ್ತ ಮೇಲೆ ಅದನ್ನು ನನ್ನ ಕೈಗೆ ಒಪ್ಪಿಸುವ ಹೊಣೆ ಒಬ್ಬ ವಕೀಲನದಾಗಬೇಕು. ಯಾವ ವಕೀಲ? ಅಕ್ಕ ನನ್ನ ತೋಳು ಹಿಡಿದು ಊರಿನ ಹಲವು ವಕೀಲರ ಮುಂದೆ ಹೋಗಿ ಕುಳಿತಳು. ಎಲ್ಲರಿಗೂ ಒಂದೇ ಪ್ರಶ್ನೆ ಹಾಕಿದಳು. ಅವರು ಹೇಳಿದ ಕಾನೂನನ್ನು ಅವಳು ಕೇಳಲಿಲ್ಲ. ಹೇಳಿದ ದನಿಯನ್ನು ಕೇಳಿದಳು. ಜನರನ್ನು ಅವಳು ಅಳೆಯುತ್ತಿದ್ದುದೇ ಹಾಗೆ. ಕೊನೆಗೆ ಇವನನ್ನು ಆರಿಸಿದಳು.

"ಇವರು ಮಾತಿನ ಕೊನೆ ನುಂಗೋದಿಲ್ಲ ಕಣೇ. ಮಾತಿನ ಕೊನೆ ನುಂಗೋರು ಆಸ್ತೀನೂ ನುಂಗ್ತಾರೆ."

"ಅಕ್ಕ, ನೀನು ಮಾತಾಡ್ತಿರೋವಾಗ ಅವ್ರು ಗಡಿಯಾರ ನೋಡ್ತಿದ್ರು," ಎಂದೆ.

"ಪಾಪ, ನೋಡ್ಲಿ ಬಿಡು. ನಂಗಂತೂ ನೋಡೋಕಾಗಲ್ಲ," ಎಂದು ನಕ್ಕಳು.

ಆಗ ನಾನು ಅವನನ್ನು ಅವರು ಎನ್ನುತ್ತಿದ್ದೆ. ಈಗ ಅವನು ಎನ್ನುತ್ತೇನೆ. ಕಾರಣ ಮುಂದೆ ಬರೆದಿದ್ದೇನೆ.

ಅಕ್ಕ ಒಂದು ಬೆಳಿಗ್ಗೆ ಕೆಲಸಕ್ಕೆ ಕುಳಿತಳು. ಅರ್ಧ ಹೆಣೆದ ಕುರ್ಚಿಯ ಮೇಲೆ ತಲೆಯಿಟ್ಟಳು. ದಣಿವಾಯಿತೇನೋ ಎಂದುಕೊಂಡು ನಾನು ಒಲೆ ಹಚ್ಚಿದೆ. ನೀರು ಕಾಯುವ ಹೊತ್ತಿಗೆ ಅವಳ ಕೈ ತಣ್ಣಗಾಗಿತ್ತು.

ಮಣ್ಣು ಮಾಡಿ ಬಂದೆವು. ಬಾಗಿಲ ಮುಂದೆ ವಕೀಲನ ಗುಮಾಸ್ತ ನಿಂತಿದ್ದ. ಚಿಲಕಕ್ಕೆ ಹೊಸ ಬೀಗ ಬಿದ್ದಿತ್ತು.

"ಉಯಿಲಿನ ಆಸ್ತಿ ಇದು. ಕೋರ್ಟಿನ ಕಾಗದ ಬರೋತನಕ ಸಾಹೇಬರ ಸುಪರ್ದಿನಲ್ಲಿ ಇರುತ್ತೆ. ಆಮೇಲೆ ನಿಂಗೇ ಕೊಡ್ತಾರೆ," ಎಂದ.

ನನ್ನ ಕೈಯಲ್ಲಿ ಇನ್ನೂ ಗುಂಡಿಯ ಮಣ್ಣಿತ್ತು. "ಒಳಗೆ ದೇವರ ದೀಪ ಉರೀತಿದೆ ಕಣಪ್ಪ," ಎಂದೆ.

"ಎಣ್ಣೆ ಮುಗಿದ್ರೆ ಆರುತ್ತೆ," ಎಂದು ಅವನು ಹೊರಟುಹೋದ.

ಅಂದಿನಿಂದ ನಾನು ತಂಗಿಯ ಮಗಳ ಮನೆಯಲ್ಲಿ, ಅಡುಗೆಮನೆಯ ಬಾಗಿಲಿಗೆ ಅಡ್ಡಲಾಗಿ ಮಲಗಿದೆ. ನನ್ನನ್ನು ದಾಟದೆ ಯಾರೂ ನೀರು ಕುಡಿಯುವಂತಿರಲಿಲ್ಲ. ಅವಳು ಏನೂ ಅನ್ನಲಿಲ್ಲ. ಅವಳ ಗಂಡನೂ ಏನೂ ಅನ್ನಲಿಲ್ಲ; ನನ್ನ ತಟ್ಟೆಯನ್ನು ಮಾತ್ರ ಸ್ವಲ್ಪ ಜೋರಾಗಿ ಇಡುತ್ತಿದ್ದ. ದುಡಿದು ಕೊಡೋಣವೆಂದರೆ ನನ್ನ ಕತ್ತರಿ, ದಬ್ಬಣ, ಬೆತ್ತ ಎಲ್ಲವೂ ಬೀಗದೊಳಗೆ. ಅಕ್ಕನ ಬಟ್ಟೆಯ ವಾಸನೆ ಬೀಗದೊಳಗೆ. ದೇವರೂ ಬೀಗದೊಳಗೆ.

ವಕೀಲನಿಗೆ ಕಾಗದ ಬರೆದೆ. ಪುಸ್ತಕದಲ್ಲಿ ಕಲಿತಂತೆ, ‘ಮಹಾಶಯರಿಗೆ ಅನಂತ ನಮಸ್ಕಾರಗಳು’ ಎಂದು ಆರಂಭಿಸಿ, ನನ್ನ ಸ್ಥಿತಿಯನ್ನು ತಿಳಿಸಿ, ಉತ್ತರ ಬೇಡಿದೆ. ಉತ್ತರವಿಲ್ಲ. ಮತ್ತೆ ಬರೆದೆ. ತಂಗಿಯ ಮಗಳ ಕೈಯಲ್ಲಿ ಫೋನು ಮಾಡಿಸಿದೆ. ಫೋನು ಬಡಿದುಕೊಂಡು ಸುಮ್ಮನಾಯಿತು. ಆಮೇಲೆ ನಾನೇ ಹೋಗಿ ಕಚೇರಿಯಲ್ಲಿ ಕುಳಿತೆ. ಕುಳಿತೆ ಎಂದರೆ ನೆಲದ ಮೇಲೆ.

ವಕೀಲ ಬೆಳಿಗ್ಗೆ ಬರುತ್ತಿದ್ದ. ಬಾಗಿಲಿನಿಂದ ಒಳಗಿನ ಪರದೆಯವರೆಗೆ ಕಿವಿಗೆ ಫೋನು ಒತ್ತಿಕೊಂಡೇ ನಡೆಯುತ್ತಿದ್ದ. ಸೆಂಟಿನ ವಾಸನೆ ಹಿಂದುಳಿಯುತ್ತಿತ್ತು. ಒಂದು ದಿನ ನಾನು ಎದ್ದು ಅಡ್ಡ ನಿಂತೆ. "ಸ್ವಾಮಿ, ನನ್ನ ಅಕ್ಕನ ಉಯಿಲು," ಎಂದೆ. ಅವನು ನನ್ನ ತಲೆಯ ಮೇಲಿಂದ ಗುಮಾಸ್ತನನ್ನು ನೋಡಿ, "ಇವರದ್ದೇನು, ನೋಡು," ಎಂದ. "ನೋಡ್ತಾ ಇದೀನಿ ಸಾರ್," ಎಂದ ಗುಮಾಸ್ತ. ಪರದೆ ಮುಚ್ಚಿತು. ಅಷ್ಟೇ. ದನಿಗಾಗಿ ಆರಿಸಿದ ಮನುಷ್ಯನಿಂದ ನನಗೆ ದಕ್ಕಿದ ದನಿ ಅಷ್ಟು.

ಉಳಿದದ್ದೆಲ್ಲ ಗುಮಾಸ್ತನ ಮಾತು. ಸಾಹೇಬರು ಕೋರ್ಟಿನಲ್ಲಿದ್ದಾರೆ. ಸಾಹೇಬರು ಊಟಕ್ಕೆ ಹೋಗಿದ್ದಾರೆ. ಸಾಹೇಬರಿಗೆ ತಲೆನೋವು. ಕಾಗದ ಕೋರ್ಟಿನಲ್ಲಿದೆ. ಕೋರ್ಟಿಗೆ ರಜೆ. "ಸಾಯೋರು ಸತ್ತು ಹೋಗ್ತಾರೆ, ಇರೋರಿಗೆ ಅವಸರ," ಎಂದು ಒಮ್ಮೆ ಚಹಾ ಹೀರುತ್ತ ನಕ್ಕ. ನನ್ನ ಅಕ್ಕ ಮಣ್ಣಿಗೆ ಹೋಗಿ ಹೆಚ್ಚು ದಿನವಾಗಿರಲಿಲ್ಲ. ನಾನು ಅವನ ಲೋಟ ತೊಳೆಯುತ್ತಿದ್ದೆ.

ಹೌದು, ತೊಳೆಯುತ್ತಿದ್ದೆ. ಮೊದಲ ದಿನ ಅವನು, "ಸುಮ್ನೆ ಕೂತಿದೀಯಲ್ಲಮ್ಮ, ಆ ಕಸ ಒಂದಿಷ್ಟು ಗುಡಿಸು," ಎಂದ. ಗುಡಿಸಿದೆ. ಮರುದಿನ ಲೋಟ. ಆಮೇಲೆ ಮೆಟ್ಟಿಲು. ಆಮೇಲೆ ನೀರು. ಕೊಳಾಯಿ ಕೆಳಗಿತ್ತು, ಕಚೇರಿ ಮೇಲಿತ್ತು. ಕೊಡ ಸೊಂಟಕ್ಕಿಟ್ಟು ಹತ್ತುವಾಗ ನನ್ನ ಮೊಣಕಾಲು ಒಣಕಟ್ಟಿಗೆಯಂತೆ ಸದ್ದು ಮಾಡುತ್ತಿತ್ತು. ಒಂದು ದಿನ ಪಾಯಿಖಾನೆ ಕಟ್ಟಿಕೊಂಡು ಹೊಲಸು ಹೊರಗೆ ಹರಿಯಿತು. ಅವನು ಮೂಗು ಮುಚ್ಚಿಕೊಂಡು ಬಕೆಟ್ಟಿನತ್ತ ಬೆರಳು ತೋರಿಸಿದ. ನಾನು ಮೊಣಕೈವರೆಗೆ ಕೈ ಇಳಿಸಿ ತೆಗೆದೆ. ತಂಗಿಯ ಮಗಳ ಮನೆಗೆ ಹೋಗಿ ಎಷ್ಟು ತೊಳೆದರೂ ಆ ಕೈಯನ್ನು ದೇವರ ಕಡೆಗೆ ಎತ್ತಲಾಗಲಿಲ್ಲ.

ಯಾಕೆ ಮಾಡಿದೆ ಎಂದು ಓದುವವರು ಕೇಳಬಹುದು. ಬೀಗದ ಕೈ ಅವನ ಮೇಜಿನ ಖಾನೆಯಲ್ಲಿತ್ತು. ಅದಕ್ಕೆ ಮಾಡಿದೆ.

ನನ್ನ ಹಾಗೆ ಕಾಯುವವನು ಇನ್ನೊಬ್ಬನಿದ್ದ. ಲಾರಿ ಓಡಿಸಿ ಒಂದು ಕಾಲು ಕೆಟ್ಟ ಮುದಿ ಡ್ರೈವರ್. ಅವನ ಸತ್ತ ಅಣ್ಣನ ಉಯಿಲೂ ಇದೇ ವಕೀಲನ ಕೈಯಲ್ಲಿತ್ತು. ಅವನಿಗೆ ಗುಮಾಸ್ತನ ಸ್ಕೂಟರ್ ತೊಳೆಯುವ ಕೆಲಸ.

"ಅಕ್ಕ, ನಾನು ಲಾರಿ ಓಡ್ಸೋವಾಗ ಹಿಂದಿನೋನು ಹಾರ್ನ್ ಹೊಡೆದ್ರೆ ದಾರಿ ಬಿಡ್ತಿದ್ದೆ. ಈ ಸಾಹೇಬ್ರಿಗೆ ಹಾರ್ನೇ ಕೇಳ್ಸಲ್ವಲ್ಲ," ಎನ್ನುತ್ತಿದ್ದ.

"ಕೇಳುತ್ತೆ ಕಣಪ್ಪ. ನಮ್ಮದು ಸೈಕಲ್ ಗಂಟೆ, ಅದಕ್ಕೆ ಲೆಕ್ಕಕ್ಕಿಲ್ಲ," ಎನ್ನುತ್ತಿದ್ದೆ.

ಒಂದು ದಿನ ಕೋಟಿನವನೊಬ್ಬ ಕುರ್ಚಿಯಲ್ಲಿ ಕುಳಿತಾಗ ಹೆಣಿಗೆ ಹರಿದು ಅವನ ಹಿಂಭಾಗ ಒಳಗೆ ಸಿಕ್ಕಿಕೊಂಡಿತು. ಡ್ರೈವರ್ ಗೋಡೆಯ ಕಡೆ ತಿರುಗಿ ನಕ್ಕ. ಗುಮಾಸ್ತ ಓಡಿಬಂದು ಎಬ್ಬಿಸಿದ. ಆಮೇಲೆ ನನ್ನತ್ತ ನೋಡಿದ.

"ನಿಂದು ಬೆತ್ತದ ಕೆಲ್ಸ ಅಲ್ವಾ? ಎಲ್ಲ ಕುರ್ಚೀನೂ ಜೋತುಬಿದ್ದಿದೆ. ಮಾಡ್ಕೊಡು. ನಿನ್ನ ಫೈಲ್ ಮೇಲಕ್ಕೆ ತಂದಿಡ್ತೀನಿ."

"ಇಷ್ಟು ದಿನ ಎಲ್ಲಿತ್ತು?" ಎಂದೆ.

"ಕೆಳಗೆ."

"ಬೆತ್ತ ಬೇಕಲ್ಲಪ್ಪ. ನಂದೆಲ್ಲ ನಿಮ್ಮ ಬೀಗದೊಳಗಿದೆ."

"ಅದು ನನ್ ತಲೆನೋವು. ನೀನು ಹಳೇದು ಬಿಚ್ಚು, ನಾಳೆ ತರಿಸ್ತೀನಿ."

ನಮ್ಮ ಕೆಲಸದ ಕ್ರಮ ಹೀಗೆ: ಹಳೆಯ ಹೆಣಿಗೆಯ ಮೇಲೆ ಹೊಸದನ್ನು ಹಾಕುವಂತಿಲ್ಲ. ಹರಿದ ಜಾಗಕ್ಕೆ ತೇಪೆ ಇಲ್ಲ. ಮೊದಲು ಹಳೆಯದೆಲ್ಲವನ್ನೂ ಕತ್ತರಿಸಿ ತೆಗೆಯಬೇಕು. ಚೌಕಟ್ಟಿನ ಸುತ್ತ ತೂತುಗಳಿರುತ್ತವೆ. ಪ್ರತಿ ತೂತಿನಲ್ಲೂ ಹಳೆಯ ಎಳೆಯ ಗಂಟು ಕಲ್ಲಾಗಿ ಕುಳಿತಿರುತ್ತದೆ. ಅದನ್ನು ದಬ್ಬಣದಿಂದ ಚುಚ್ಚಿ ಹೊರಗೆ ತಳ್ಳಬೇಕು. ಇಷ್ಟಾದ ಮೇಲೆ ಕುರ್ಚಿ ಬರಿಯ ಚೌಕಟ್ಟು. ಬೆತ್ತವನ್ನು ನೀರಿನಲ್ಲಿ ನೆನೆಸಿ, ಅದು ಒಣಗುವ ಮೊದಲೇ ಹೆಣೆಯಬೇಕು. ಹೆಣೆದು ಮುಗಿಯುವತನಕ ಅದರ ಮೇಲೆ ಬೆಕ್ಕೂ ಕೂರುವಂತಿಲ್ಲ.

ಮರುದಿನ ವಕೀಲ ಕೋರ್ಟಿಗೆ ಹೋಗಿದ್ದ. ಗುಮಾಸ್ತ ಕೊಟ್ಟ ಮೊಂಡು ಚಾಕು, ಬಾಗಿದ ಮೊಳೆ ಹಿಡಿದು ನಾನು ನೆಲದಲ್ಲಿ ಕುಳಿತೆ. ಒಂದೊಂದೇ ಕುರ್ಚಿಯನ್ನು ಮಗುಚಿ ತೊಡೆಯ ಮೇಲೆ ಎಳೆದುಕೊಂಡೆ. ವರ್ಷಗಟ್ಟಲೆ ಕುಳಿತವರ ಬೆವರು, ಧೂಳು, ಬಿಸ್ಕತ್ತಿನ ಪುಡಿ ನನ್ನ ಮಡಿಲಿಗೆ ಸುರಿಯಿತು. ಒಣಗಿದ ಬೆತ್ತ ಗಾಜಿನಂತೆ ಉಗುರಿನ ಸಂದಿಗೆ ನುಗ್ಗಿತು. ರಕ್ತವನ್ನು ಸೆರಗಿಗೆ ಒರೆಸಿಕೊಂಡು ಮತ್ತೆ ಚುಚ್ಚಿದೆ.

ನಡುವೆ ಕೋಟಿನವನೊಬ್ಬ ಬಂದ. ಇನ್ನೂ ಬಿಚ್ಚದೆ ಉಳಿದಿದ್ದ ಕುರ್ಚಿಯಲ್ಲಿ ಕುಳಿತು ಕಾಲು ಚಾಚಿದ. ಅವನ ಬೂಟು ನನ್ನ ಚಾಕುವಿನ ಪಕ್ಕಕ್ಕೆ ಬಂತು. ನಾನು ಕೈ ಸರಿಸಿಕೊಂಡೆ. ಅವನು ಕಾಲು ಸರಿಸಲಿಲ್ಲ.

"ಯಾರಿವಳು?" ಎಂದು ಗುಮಾಸ್ತನನ್ನು ಕೇಳಿದ.

"ಕೆಲಸದವಳು ಸಾರ್."

"ನಾನು ಕೆಲಸದವಳಲ್ಲ ಸ್ವಾಮಿ," ಎಂದೆ. "ನಾನೂ ಇಲ್ಲಿಯ ಕಕ್ಷಿದಾರಳು."

ಗುಮಾಸ್ತ ಹೊಟ್ಟೆ ಹಿಡಿದು ನಕ್ಕ. "ಕಕ್ಷಿದಾರಳಂತೆ. ಏನ್ ಕಕ್ಷಿ, ಏನ್ ಕಥೆ." ಕೋಟಿನವನೂ ನಕ್ಕ. ನಗುವಾಗ ಅವನ ಬೂಟು ಅಲುಗಿ ನನ್ನ ಬೆರಳಿಗೆ ತಾಗಿತು. ಅವನಿಗೆ ಅದು ತಿಳಿಯಲೂ ಇಲ್ಲ.

ಅವನು ಹೋದ ಮೇಲೆ ಗುಮಾಸ್ತ ಪರದೆಯೊಳಗಿನಿಂದ ವಕೀಲನ ಸ್ವಂತ ಕುರ್ಚಿಯನ್ನೂ ಎಳೆದು ತಂದ. ಎತ್ತರದ ಬೆನ್ನು, ಅಗಲದ ತೋಳು. "ಸಾಹೇಬರದ್ದೂ ಬಿಚ್ಬಿಡು. ಸಂಜೆ ಬರೋಷ್ಟರಲ್ಲಿ ಇದು ಮೊದ್ಲು ಆಗ್ಬೇಕು. ನೋಡಿ ಖುಷಿಯಾದ್ರೆ ನಿನ್ ಕೆಲ್ಸಾನೂ ಆಗುತ್ತೆ." ಅದನ್ನೂ ಬಿಚ್ಚಿದೆ. ಗುಮಾಸ್ತನ ಕುರ್ಚಿಯನ್ನೂ ಬಿಚ್ಚಿದೆ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಆ ಕಚೇರಿಯಲ್ಲಿ ಮನುಷ್ಯರು ಕೂರುವಂಥ ಒಂದು ಕುರ್ಚಿಯೂ ಇರಲಿಲ್ಲ. ಎಲ್ಲವೂ ಬಾಯಿ ತೆರೆದುಕೊಂಡು ಗೋಡೆಗುಂಟ ನಿಂತಿದ್ದವು. ಗುಮಾಸ್ತ ಮೇಜಿನ ಅಂಚಿನ ಮೇಲೆ ಕುಳಿತು ಕಾಲಾಡಿಸುತ್ತಿದ್ದ.

ಆಗ ಗಾಲಿ ಬಂದ. ಗಾಲಿ ಎಂದರೆ ಪೇಟೆಯಲ್ಲಿ ಕೈಗಾಡಿ ತಳ್ಳುವವನು. ಅವನನ್ನು ಬೇರೆ ಹೆಸರಿನಿಂದ ಯಾರೂ ಕರೆದದ್ದಿಲ್ಲ. ಹೆಗಲ ಮೇಲಿನಿಂದ ಒಂದು ಬೆತ್ತದ ಕಟ್ಟನ್ನು ನನ್ನ ಮುಂದೆ ಇಳಿಸಿದ.

"ತಗೋ ಅಜ್ಜಿ. ಇನ್ನೂ ಬೇಕಾದ್ರೆ ಹೇಳು, ಅಲ್ಲಿ ಬೇಕಾದಷ್ಟು ಬಿದ್ದಿದೆ."

ನಾನು ಕಟ್ಟನ್ನು ಬಿಚ್ಚಲು ಕೈ ಹಾಕಿದೆ. ಕೈ ನಿಂತಿತು.

ಕಟ್ಟಿಗೆ ಸುತ್ತಿದ್ದು ಹೊಸೆದ ನೂಲಿನ ದಾರ. ಎರಡು ಗಂಟು, ನಡುವೆ ಒಂದು ಬೆರಳಿನ ಅಂತರ, ತುದಿಯಲ್ಲಿ ಒಂದು ಕುಣಿಕೆ. ಸಣ್ಣ ಎಳೆಯ ಬೆತ್ತಕ್ಕೆ ಒಂದು ಗಂಟು, ದಪ್ಪ ಎಳೆಗೆ ಎರಡು, ಅಂಚಿನ ಪಟ್ಟಿಗೆ ಮೂರು. ಕಣ್ಣಿಲ್ಲದವಳು ತನ್ನ ಬೆರಳಿಗಾಗಿ ಮಾಡಿಕೊಂಡ ಗುರುತು. ಲೋಕದಲ್ಲಿ ಇನ್ನಾರೂ ಬೆತ್ತವನ್ನು ಹಾಗೆ ಕಟ್ಟುವುದಿಲ್ಲ. ನನ್ನ ಅಕ್ಕ ಕಟ್ಟಿದ ಗಂಟು ಅದು. ಅವಳ ಬೆರಳು ಅದನ್ನು ಬಿಗಿದದ್ದು ಹಾಗೆಯೇ ಇತ್ತು.

"ಎಲ್ಲಿಂದ ತಂದ್ಯಪ್ಪ ಇದನ್ನ?" ಎಂದೆ.

"ಗೋಡೌನಿಂದ."

"ಯಾವ ಗೋಡೌನು?"

"ಅದೇ, ಈ ಆಫೀಸಿಂದು. ಹಳೆ ಫೈಲೆಲ್ಲ ನಾನೇ ಹೊತ್ತು ಹಾಕಿದ್ದಲ್ವಾ. ಬೀದಿ ಕೊನೇಲಿ ಒಂದು ಕೋಣೆ. ಗೋಡೇಲಿ ದೇವರ ಗೂಡಿದೆ ನೋಡು..."

"ಏಯ್ ಗಾಲಿ, ಬಾಯ್ಮುಚ್ಕೊಂಡು ಹೋಗು," ಎಂದು ಗುಮಾಸ್ತ ಮೇಜಿನಿಂದ ಇಳಿದ.

ನನಗೆ ಎಲ್ಲವೂ ತಿಳಿಯಿತು. ಕೋರ್ಟಿನ ಕಾಗದಕ್ಕಾಗಿ ನನ್ನ ಮನೆಗೆ ಬೀಗ ಬಿದ್ದಿರಲಿಲ್ಲ. ಅವರ ಕಸ ಇಡಲು ಜಾಗ ಬೇಕಾಗಿತ್ತು. ನನ್ನ ಕಾಗದಗಳಿಗೆ ಉತ್ತರ ಬಾರದ್ದು ಮರೆವಿನಿಂದಲ್ಲ. ಉತ್ತರ ಕೊಟ್ಟರೆ ಜಾಗ ಬಿಡಬೇಕಾಗಿತ್ತು. ಅಷ್ಟೇ ಆಗಿದ್ದರೆ ನಾನು ಇನ್ನೂ ಕೆಲವು ದಿನ ನೆಲದ ಮೇಲೆ ಕೂರುತ್ತಿದ್ದೆನೋ ಏನೋ. ಆದರೆ ಈಗ ಸತ್ತವಳ ಬೆತ್ತವನ್ನು ಕದ್ದು ತಂದು, ಅದರಿಂದ ವಕೀಲನ ಕುಂಡೆಗೆ ಕುರ್ಚಿ ಹೆಣೆಯೆಂದು ನನ್ನ ಮುಂದೆಯೇ ಎಸೆದಿದ್ದರು. ನನಗೆ ಅದರ ಗುರುತು ಸಿಕ್ಕೀತು ಎಂಬ ಯೋಚನೆಯೂ ಗುಮಾಸ್ತನಿಗೆ ಬಂದಿರಲಿಲ್ಲ. ನಾನು ಅವನಿಗೆ ಒಂದು ಪೊರಕೆ, ಒಂದು ಕೊಡ, ಒಂದು ಬಕೆಟ್ಟು.

ಎದ್ದು ನಿಂತೆ. ಸೊಂಟ ನೆಟ್ಟಗಾಗಲು ಹೊತ್ತು ಹಿಡಿಯಿತು. ಗಾಲಿಯ ಬೆರಳಿನಲ್ಲಿ ಬೀಗದ ಕೈ ತೂಗುತ್ತಿತ್ತು. ನಾನು ಅಂಗೈ ಚಾಚಿದೆ.

"ಅದು ನನ್ನ ಮನೆ ಕಣಪ್ಪ. ಆ ಗೂಡಿಗೆ ದೀಪ ಇಡ್ತಿದ್ದೋಳು ನಾನು."

ಗಾಲಿ ನನ್ನನ್ನು ನೋಡಿದ. ಗುಮಾಸ್ತನನ್ನು ನೋಡಿದ.

"ಬೀಗದ ಕೈ ಕೊಡೋ ಇಲ್ಲಿ," ಎಂದ ಗುಮಾಸ್ತ.

"ಹೊರೋದಷ್ಟೇ ನನ್ ಕೆಲ್ಸ, ಯಾರ ಮನೆ ಅಂತ ಕೇಳೋದಲ್ಲ ಅಂದ್ಕೊಂಡಿದ್ದೆ," ಎಂದ ಗಾಲಿ. "ಅಜ್ಜಿ, ನಂಗೆ ಗೊತ್ತಿರ್ಲಿಲ್ಲ." ಬೀಗದ ಕೈ ನನ್ನ ಅಂಗೈಗೆ ಬಿತ್ತು. ಅದು ಅವನ ಬೆವರಿನಿಂದ ಬೆಚ್ಚಗಿತ್ತು.

ಬೆತ್ತದ ಕಟ್ಟನ್ನು ಹೆಗಲಿಗೇರಿಸಿಕೊಂಡು ಬಾಗಿಲ ಕಡೆಗೆ ಹೊರಟೆ. ಗುಮಾಸ್ತ ಅಡ್ಡ ಬಂದ.

"ಎಲ್ಲಿಗೆ? ಕುರ್ಚಿ ಮುಗಿಸಿ ಹೋಗು. ಹೀಗೆ ಬಿಚ್ಚಿ ಹರಡಿ ಹೋದ್ರೆ? ಸಾಹೇಬ್ರು ಈಗ ಬರ್ತಾರೆ, ಎಲ್ಲಿ ಕೂರ್ತಾರೆ?"

"ನೆಲ ಇದೆಯಲ್ಲ," ಎಂದೆ. "ನಾನೇ ಗುಡ್ಸಿದೀನಿ. ಚೊಕ್ಕಟವಾಗಿದೆ."

"ನಿನ್ನ ಫೈಲ್ ಬಿಸಾಕ್ತೀನಿ ಮುದುಕಿ."

"ಬಿಸಾಕು. ಎಲ್ಲಿ ಬಿಸಾಕ್ತೀಯ, ನನ್ನ ಮನೇಲಿ ತಾನೇ? ನಾನೇ ಎತ್ಕೋತೀನಿ."

ಅವನು ನನ್ನ ತೋಳಿಗೆ ಕೈ ಹಾಕಿದ. ಮೂಲೆಯಲ್ಲಿದ್ದ ಡ್ರೈವರ್ ಎದ್ದು, ಕೆಟ್ಟ ಕಾಲನ್ನು ಎಳೆಯುತ್ತ ಬಂದು, ನಮ್ಮಿಬ್ಬರ ನಡುವೆ ನಿಂತ. ಏನೂ ಮಾಡಲಿಲ್ಲ, ನಿಂತ. ಅವನು ದೊಡ್ಡ ಮನುಷ್ಯ. ಗುಮಾಸ್ತ ಕೈ ತೆಗೆದ.

ಗಾಲಿ, ಡ್ರೈವರ್, ನಾನು ಮೂವರೂ ಕೋಣೆಗೆ ಹೋದೆವು. ಬೀಗ ತೆಗೆದೆ. ಬಾಗಿಲು ಅರ್ಧ ಮಾತ್ರ ತೆರೆಯಿತು. ಹಿಂದೆ ಕಡತಗಳು ಒತ್ತಿಕೊಂಡಿದ್ದವು. ಹಗ್ಗ ಕಟ್ಟಿದ ಕಡತ, ಮುರಿದ ಕಪಾಟು, ಕೆಟ್ಟ ಫ್ಯಾನು, ಯಾರದೋ ಚುನಾವಣೆಯ ಬೋರ್ಡು. ಒಲೆಯೊಳಗೆ ಕಾಗದ. ಬಕೆಟ್ಟಿನ ಮೂಲೆ ಯಾವುದೆಂದು ತಿಳಿಯದಷ್ಟು ಕಾಗದ. ಅಕ್ಕನ ಹಾಸಿಗೆಯ ಮೇಲೆ ಇಲಿ ಮರಿ ಹಾಕಿತ್ತು. ದೇವರ ಗೂಡಿನ ಮುಂದೆ ಕಡತಗಳ ಗೋಡೆ. ಕಿತ್ತು ನೋಡಿದೆ. ದೀಪದ ಬಟ್ಟಲಿನಲ್ಲಿ ಸೇದಿ ಬಿಸುಟ ಸಿಗರೇಟಿನ ತುಂಡುಗಳಿದ್ದವು. ನಮ್ಮ ಪುಸ್ತಕವನ್ನು ಅವರು ತಂದು ಹಾಕಿದ್ದ ಮೇಜೊಂದರ ಕುಂಟುಕಾಲಿಗೆ ಒತ್ತಾಗಿ ಇಟ್ಟಿದ್ದರು.

ಕೊನೆಗೆ ಆ ಕುರ್ಚಿ ಕಾಣಿಸಿತು. ಅಕ್ಕ ತಲೆಯಿಟ್ಟ ಕುರ್ಚಿ. ಉದ್ದದ ಎಳೆ, ಅಡ್ಡದ ಎಳೆ ಮುಗಿಸಿ ಅವಳು ಓರೆ ಎಳೆ ಆರಂಭಿಸಿದ್ದಳು. ಅದರ ಮೇಲೆ ಸೊಂಟದೆತ್ತರ ಕಡತ ಪೇರಿಸಿದ್ದರು. ಭಾರಕ್ಕೆ ಎಳೆಗಳು ಹರಿದು ಕಡತಗಳು ಒಳಗೆ ಕುಸಿದಿದ್ದವು. ಅವಳ ಬೆರಳು ಕೊನೆಯದಾಗಿ ಮುಟ್ಟಿದ ಕೆಲಸ.

ನಾನು ಗೂಡಿನ ಮುಂದೆ ನಿಂತು ಕೈ ಮುಗಿದೆ. ಕೋಪದಿಂದಲೇ ಮುಗಿದೆ. ಸ್ವಾಮಿ, ಒಳಗೇ ಇದ್ದೆಯಲ್ಲ ನೀನು, ಇವರು ತಂದು ಸುರಿಯುವಾಗ ನೋಡುತ್ತಿದ್ದೆಯಲ್ಲ, ಎಂದೆ. ಆತನೂ ಉತ್ತರ ಕೊಡಲಿಲ್ಲ. ಆದರೆ ಆತನೂ ನನ್ನಂತೆ ಬೀಗಕ್ಕೆ ಸಿಕ್ಕವನು; ಆತ ಒಳಗೆ, ನಾನು ಹೊರಗೆ. ಆತನ ಮೇಲೆ ಹಗೆ ಸಾಧಿಸಲು ನನಗೆ ಆಗದು. ಬಟ್ಟಲನ್ನು ಸೆರಗಿನಿಂದ ಒರೆಸಿ ಇಟ್ಟೆ. ಆಮೇಲೆ ಮೊದಲ ಕಡತವನ್ನು ಎತ್ತಿ ಹೊರಗೆ ಹಾಕಿದೆ.

ಗಾಲಿ ಎತ್ತಿದ. ಡ್ರೈವರ್ ಎತ್ತಿದ. ಅಕ್ಕಪಕ್ಕದ ಅಂಗಡಿಯವರು ನೋಡುತ್ತ ನಿಂತರು; ಎದುರಿನ ಬಾಗಿಲಿನ ಹೆಂಗಸು ಮಾತ್ರ ಬಂದು ಪೊರಕೆ ಹಿಡಿದಳು. ಬೀದಿಯಲ್ಲಿ ಎಸೆಯಲಿಲ್ಲ; ಗೋಡೆಗುಂಟ ಒಪ್ಪವಾಗಿ ಪೇರಿಸಿದೆವು. ಅವುಗಳಲ್ಲಿ ನಮ್ಮಂಥವರ ಹಣೆಬರಹವಿತ್ತು. ನಡುವೆ ಡ್ರೈವರ್ ಒಂದು ಕಡತವನ್ನು ಬೆಳಕಿಗೆ ಹಿಡಿದು ನಿಂತ.

"ನಮ್ಮಣ್ಣನ ಕೇಸು ಅಕ್ಕ. ಕೋರ್ಟಲ್ಲಿದೆ ಅಂದಿದ್ರು. ಇಲ್ಲಿ ಮಲ್ಕೊಂಡು ಗೊರಕೆ ಹೊಡೀತಿದೆ." ಧೂಳು ಕೊಡವಿ ಕಂಕುಳಲ್ಲಿ ಇರುಕಿಕೊಂಡ. ಆಮೇಲೆ ಅದನ್ನು ಕೆಳಗಿಡಲಿಲ್ಲ. ಒಂದೇ ಕೈಯಲ್ಲಿ ಉಳಿದದ್ದನ್ನು ಎತ್ತಿದ.

ಬಿಸಿಲು ಇಳಿಯುವಾಗ ವಕೀಲನ ಕಾರು ಬಂತು. ಹಿಂದೆ ಸ್ಕೂಟರಿನಲ್ಲಿ ಗುಮಾಸ್ತ. ವಕೀಲ ಇಳಿದು ಗೋಡೆಗುಂಟ ಪೇರಿಸಿದ ಕಡತಗಳನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ತಲೆಯ ಮೇಲಿಂದಲ್ಲ, ಮುಖವನ್ನೇ ನೋಡಿದ. ಇಷ್ಟು ದಿನದಲ್ಲಿ ಅದು ಮೊದಲು.

"ಯಾರು ಈ ಬಾಗಿಲು ತೆಗೆದದ್ದು?"

ಅಕ್ಕ ಹೇಳಿದ್ದು ನಿಜ. ದನಿ ಚೆನ್ನಾಗಿತ್ತು. ಮಾತಿನ ಕೊನೆಯನ್ನು ನುಂಗುತ್ತಿರಲಿಲ್ಲ.

"ನಾನು."

"ಇದು ಅಪರಾಧ. ಗೊತ್ತಾ ನಿನಗೆ? ಕಾನೂನು ಪ್ರಕಾರ ನಾನು ಒಪ್ಪಿಸಿದಾಗ ಮಾತ್ರ ಈ ಕೋಣೆ ನಿನ್ನದು."

"ಹಾಗಾದ್ರೆ ಒಪ್ಪಿಸಿ."

ಅವನು ಗಡಿಯಾರ ನೋಡಿಕೊಂಡ.

"ಅದಕ್ಕೊಂದು ಕ್ರಮ ಇದೆ, ನೋಡಮ್ಮ. ನಿನಗೆ ತಿಳಿಯೋದಿಲ್ಲ. ಆಫೀಸಿಗೆ ಬಾ, ಕೂತು ಮಾತಾಡೋಣ."

"ಎಲ್ಲಿ ಕೂರೋದು ಸಾರ್?" ಎಂದ ಡ್ರೈವರ್.

ಅಂಗಡಿಯವರಲ್ಲಿ ಯಾರೋ ನಕ್ಕರು. ವಕೀಲನ ಕಿವಿ ಕೆಂಪಾಯಿತು. ಆ ಸಂಜೆ ಅವನು ಕಚೇರಿಗೆ ಹೋಗಿ, ಕತ್ತಲಿದ್ದ ಪರದೆಯೊಳಗೆ ಕಾಲಿಟ್ಟು, ಅಭ್ಯಾಸದಂತೆ ತನ್ನ ಕುರ್ಚಿಗೆ ಬೆನ್ನು ಕೊಟ್ಟು ಬಿದ್ದನೆಂದು ಆಮೇಲೆ ಕೇಳಿದೆ. ಕೇಳಿ ಸಂತೋಷಪಟ್ಟೆ. ದೇವರು ಕ್ಷಮಿಸಲಿ, ಕ್ಷಮಿಸದಿದ್ದರೂ ಸರಿ.

"ನನ್ನ ಅಕ್ಕನ ಬೆತ್ತದ ಮೇಲೆ ಕೂರ್ಬೇಕು ಅಂದ್ಕೊಂಡಿದ್ರಲ್ಲ ಸ್ವಾಮಿ," ಎಂದೆ. "ಅವಳು ನಿಮ್ಮನ್ನ ನಂಬಿ ಸತ್ತಳು. ನಾನು ನಿಮ್ಮ ಪಾಯಿಖಾನೆ ಬಳಿದೆ. ಕಾಗದ ಬರೆದೆ, ಕಾಲು ಹಿಡಿಯೋದೊಂದು ಬಾಕಿ. ಒಂದು ದಿನ ‘ಆಗಲ್ಲ ಹೋಗು’ ಅಂತಾನಾದ್ರೂ ಅಂದ್ರಾ? ಅಷ್ಟು ಮಾತಿಗೂ ನಾನು ತಕ್ಕವಳಲ್ವಾ?"

ಅವನು ಗುಮಾಸ್ತನ ಕಡೆ ತಿರುಗಿದ. ಗುಮಾಸ್ತ ನೆಲ ನೋಡಿದ.

"ಪೊಲೀಸರನ್ನ ಕರೀಬೇಕಾಗುತ್ತೆ. ಬೀಗ ಕೊಡು ಇಲ್ಲಿ," ಎಂದು ವಕೀಲ ಕೈ ಚಾಚಿದ.

ಅದು ಮೆತ್ತಗಿನ, ಬಿಳಿಯ ಕೈ. ಬೀಗ ಹೊಸ್ತಿಲ ಮೇಲಿತ್ತು. ಎತ್ತಿಕೊಂಡೆ. ಬೀಗದ ಕೈಯನ್ನು ಅದಕ್ಕೇ ಸಿಕ್ಕಿಸಿ ಅವನ ಅಂಗೈ ಮೇಲೆ ಇಟ್ಟೆ. ನನ್ನ ಬೆರಳಿನ ರಕ್ತವೂ ಸ್ವಲ್ಪ ಅಂಟಿತು.

"ತಗೊಳ್ಳಿ. ಬೀಗ ನಿಮ್ಮದು," ಎಂದೆ. "ಬಾಗಿಲು ನಮ್ಮದು."

ಅವನು ಬೀಗ ಹಿಡಿದುಕೊಂಡು ನಿಂತ. ಜೇಬಿಗೆ ಹಾಕಿದ, ಕೋಟು ಒಂದು ಕಡೆಗೆ ಜೋತುಬಿತ್ತು. ಕಾರು ಹತ್ತುವ ಮೊದಲು ಕಡತಗಳನ್ನು ತರುವಂತೆ ಗುಮಾಸ್ತನಿಗೆ ಹೇಳಿದ. ಗುಮಾಸ್ತ ಗಾಲಿಯ ಗಾಡಿಗೆ ಕೈ ಹಾಕಿದ. ಗಾಲಿ ಗಾಡಿಯನ್ನು ತನ್ನ ಕಡೆಗೆ ಎಳೆದುಕೊಂಡು, "ಚಕ್ರ ಹೋಗಿದೆ," ಎಂದ. ಚಕ್ರಕ್ಕೆ ಏನೂ ಆಗಿರಲಿಲ್ಲ. ಗುಮಾಸ್ತ ಮೊದಲ ಕಟ್ಟನ್ನು ತಲೆಯ ಮೇಲೆ ಹೊತ್ತು, ಕುತ್ತಿಗೆ ಬಿಗಿದು, ಬೀದಿಯುದ್ದಕ್ಕೂ ನಡೆದು ಹೋದ. ಮತ್ತೆ ಬಂದ. ಮತ್ತೆ ಹೊತ್ತ. ಕತ್ತಲಾಗುವವರೆಗೆ ನಾವು ನೋಡಿದೆವು.

ಪೊಲೀಸರು ಒಮ್ಮೆ ಬಂದರು, ಬೈದರು, ಮತ್ತೆ ಬರುತ್ತೇವೆ ಎಂದರು. ಅಣ್ಣನ ಮಗನೂ ಒಮ್ಮೆ ಬಂದು ಎದುರಿಗೆ ನಿಂತು ಹೋದ. ಕೋರ್ಟಿನ ಕಾಗದ ಇನ್ನೂ ಬಂದಿಲ್ಲ. ಅದು ಬರುತ್ತದೆಯೋ ಇಲ್ಲವೋ ನಾನು ತಿಳಿಯೆ. ಸಂಜೆ ದೇವರ ಪುಸ್ತಕವನ್ನು ಗಟ್ಟಿಯಾಗಿ ಓದಿದರೆ ಕೇಳುವವಳು ಕೋಣೆಯಲ್ಲಿಲ್ಲ, ಆದರೂ ಓದುತ್ತೇನೆ. ಹಗಲು ನಾನು ಹೊಸ್ತಿಲ ಮೇಲೆಯೇ ಕುಳಿತು ಹೆಣೆಯುತ್ತೇನೆ. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ, ಮಡಿಲಲ್ಲಿ ಕುರ್ಚಿ. ಈ ಬಾಗಿಲನ್ನು ಹಾಕಬೇಕಾದರೆ ಅವರು ಮೊದಲು ನನ್ನನ್ನು ಎತ್ತಬೇಕು.